ಸಂದಿ ಬಿಡದ ಸಂಧಿ ಮೇಷ್ಟ್ರು

ಅಂಗಿ ಬಿಳಿ, ಮೊಣಕೈ ಮಾತ್ರ ಬಣ್ಣ. ಬೆಳಗ್ಗೆ ಮಡಿ ಅಂಗಿ ತೊಟ್ಟು ಹಾಲಿಗೆ ಹೊರಟರೆ ಎಡ ಮೊಣಕೈಗೆ ನಮ್ಮ ಮನೆ ಗೋಡೆಯ ನೀಲಿ ಸುಣ್ಣ ಹತ್ತುತ್ತಿತ್ತು, ಬಲ ಮೊಣಕೈಗೆ ಎದುರು ಗೋಡೆಯ ಹಸಿರು. ವಾಪಸ್ ಬರುವಾಗ ಅದಲು ಬದಲು. ಸಂಜೆಯ ಹೊತ್ತಿಗೆ ಎರಡೂ ಮೊಣಕೈ ನವಿಲಿನ ಕತ್ತಿನ ಬಣ್ಣಕ್ಕೆ ತಿರುಗಿ, ಬಟ್ಟೆ ಅಲ್ಲೇ ಸವೆದು, ಒಳಗಿನ ಚರ್ಮ ಇಣುಕುತ್ತಿತ್ತು. ಏಕೆಂದರೆ ನಮ್ಮ ಮೇಷ್ಟ್ರು ನಮ್ಮ ಸಂದಿಯಲ್ಲಿ ನಡೆಯುವಾಗ ಎರಡೂ ಮೊಣಕೈಗಳನ್ನು ಕೋಳಿಯ ರೆಕ್ಕೆಯಂತೆ ಹೊರಗೆ ಚಾಚಿ, ಗೋಡೆಗೆ ಸವರಿಕೊಂಡೇ ನಡೆಯುತ್ತಿದ್ದರು.

ಚನ್ನಪಟ್ಟಣದ ಕೋಟೆಯೊಳಗಿನ ಸಂದಿ ಅದು. ಬಿಂದಿಗೆ ಹೊತ್ತ ಹೆಂಗಸು ಎದುರಾದರೆ ಗಂಡಸು ಯಾರದಾದರೂ ಹೊಸ್ತಿಲು ಹತ್ತಿ ನಿಲ್ಲಬೇಕು. ಸಂದಿಯ ಬಾಯಲ್ಲಿ ನಮ್ಮ ಮನೆ. ಎದುರಿನ ಉದ್ದನೆ ಹಸಿರು ಗೋಡೆ ಲೇತ್ ಚಾಚಾರದು. ಅವರು ಗೊಂಬೆ ಕಡೆಯುವವರು. ಬೆಳಗಾದರೆ ಆ ಗೋಡೆಯ ಹಿಂದೆ ಲೇತು ಗುರ್ರೆನ್ನುತ್ತಿತ್ತು, ಬಿಸಿ ಅರಗಿನ ವಾಸನೆ ಸಂದಿಗೆಲ್ಲ ಹಬ್ಬುತ್ತಿತ್ತು. ಆ ಗೋಡೆಯ ಇನ್ನೊಂದು ತುದಿಯಲ್ಲಿ ಸಂದಿಗೆ ಬಾಗಿಲಿದ್ದ ಕೋಣೆಯೊಂದಿತ್ತು. ಅದರಲ್ಲಿ ಮೇಷ್ಟ್ರು ಬಾಡಿಗೆಗಿದ್ದರು. ಮದುವೆಯಾಗಲಿಲ್ಲ. ಕೇಳಿದರೆ, “ನನ್ನದು ಪ್ರಕೃತಿಭಾವ ಕಣೋ” ಎನ್ನುತ್ತಿದ್ದರು. ಎರಡು ಸ್ವರ ಪಕ್ಕಪಕ್ಕ ಬಂದರೂ ಸಂಧಿಯಾಗದೆ ಹಾಗೇ ಉಳಿದುಬಿಡುವುದಕ್ಕೆ ವ್ಯಾಕರಣದಲ್ಲಿರುವ ಹೆಸರು ಅದು. ನಮಗೆ ಅರ್ಥವಾಗುತ್ತಿರಲಿಲ್ಲ, ಏನೋ ಕಾಯಿಲೆ ಇರಬೇಕು ಎಂದುಕೊಂಡಿದ್ದೆವು.

ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತಿದ್ದರು. ಸಂದಿಯ ಅರ್ಧ ಜನ ಅವರ ಕೈಯಲ್ಲಿ ಕಿವಿ ಹಿಂಡಿಸಿಕೊಂಡವರೇ. ಊರೆಲ್ಲ ಅವರನ್ನು ಸಂಧಿ ಮೇಷ್ಟ್ರು ಎನ್ನುತ್ತಿತ್ತು. ಆ ಹೆಸರು ಬರಲು ಕಾರಣ ನಾನೇ ಎಂದು ನಾನು ಹೇಳಿಕೊಂಡು ತಿರುಗುತ್ತೇನೆ, ಅದು ಸುಳ್ಳಿರಬಹುದು. ಆದರೆ ಎಂಟನೇ ಕ್ಲಾಸಿನಲ್ಲಿ ಅವರು ನನ್ನನ್ನು ಎಬ್ಬಿಸಿ, “ಸಂಧಿ ಅಂದ್ರೇನು?” ಎಂದು ಕೇಳಿದ್ದು ನಿಜ.

“ನಮ್ಮನೆ ಪಕ್ಕದಲ್ಲೇ ಐತೆ ಸಾ,” ಅಂದೆ.

ಕ್ಲಾಸು ಬಿದ್ದು ಬಿದ್ದು ನಕ್ಕಿತು. ನಾನು ಕೈ ಚಾಚಿ ಕಣ್ಣು ಮುಚ್ಚಿ ಏಟಿಗೆ ಕಾದೆ. ಏಟು ಬರಲಿಲ್ಲ.

“ಸರಿಯಾಗೇ ಹೇಳಿದೆ ಕಣೋ. ಎರಡು ಮನೆ ಹತ್ತಿರ ಬಂದ್ರೆ ಸಂದಿ, ಎರಡು ಅಕ್ಷರ ಹತ್ತಿರ ಬಂದ್ರೆ ಸಂಧಿ. ಹತ್ತಿರ ಬಂದ ಮೇಲೆ ಏನೋ ಒಂದು ಲೋಪ ಆಗುತ್ತೆ, ಇಲ್ಲ ಏನೋ ಒಂದು ಆಗಮ ಆಗುತ್ತೆ. ಮನುಷ್ಯರಿಗೂ ಅಷ್ಟೇ. ಆದರೆ ಆ ಮಹಾಪ್ರಾಣ ಹೊಟ್ಟೆಯಿಂದ ಬರಬೇಕು. ಅದಕ್ಕೇ ಅಕ್ಷರದ ಹೊಟ್ಟೆ ಸೀಳಿರೋದು. ಎಲ್ಲಿ, ಹೇಳು, ಸಂಧಿ.”

“ಸಂದಿ.”

“ಕೂತ್ಕೋ.”

ನನ್ನ ಬಾಯಿಗೆ ಮಹಾಪ್ರಾಣ ಬಂದದ್ದು ಒಂದೇ ಒಂದು ದಾರಿಯಿಂದ: ಮೇಷ್ಟ್ರ ದನಿಯನ್ನು ಅಣಕಿಸುವಾಗ. ನನ್ನ ಸ್ವಂತ ದನಿಯಲ್ಲಿ ಇವತ್ತಿಗೂ ‘ಭಾರತ’ ಬರುವುದಿಲ್ಲ, ‘ಬಾರತ’ವೇ ಬರುತ್ತದೆ. ಅವರ ದನಿಯಲ್ಲಿ ಹೇಳಿದರೆ ಆಕಾಶವಾಣಿಯವರೂ ನಾಚಬೇಕು.

ಇಷ್ಟು ಹೊತ್ತಿಗೆ ನಿಮಗೆ ಗೊತ್ತಾಗಿರಬೇಕು, ನಾನು ಮಿಮಿಕ್ರಿಯವನು. ದಿನಾ ಮೊಬೈಲ್ ಅಂಗಡಿಯಲ್ಲಿ ಸ್ಕ್ರೀನ್ ಗಾರ್ಡ್ ಅಂಟಿಸುತ್ತೇನೆ. ಗಣೇಶನ ಹಬ್ಬ, ರಾಜ್ಯೋತ್ಸವ ಬಂದರೆ ಕಲಾವಿದ. ಮಿಕ್ಸಿಯನ್ನು ಬೈಯುವ ನಮ್ಮವ್ವ, ‘ಅರೆ ಬೇಟಾ’ ಎನ್ನುವಾಗ ಬೀಡಿ ಹೊಗೆಗೆ ಕೆಮ್ಮುವ ಚಾಚಾ, ತಾನೇ ಜೋಕು ಹೇಳಿ ತಾನೇ ಮೊದಲು ನಗುವ ನಾನು, ಎಲ್ಲರನ್ನೂ ಮಾಡುತ್ತೇನೆ. ಆದರೆ ಸ್ಟೇಜಿನ ಮೇಲೆ ಶಿಳ್ಳೆ ಬೀಳುತ್ತಿದ್ದುದು ಮೇಷ್ಟ್ರ ಕೋಳಿ ನಡಿಗೆಗೆ. ಎರಡು ಮೊಣಕೈ ಚಾಚಿ, ಕತ್ತು ಒಂಚೂರು ಮುಂದೆ ಮಾಡಿ, “ಮಹಾಪ್ರಾಣ ಹೊಟ್ಟೆಯಿಂದ ಬರಬೇಕು” ಎನ್ನುತ್ತ ನಾಲ್ಕು ಹೆಜ್ಜೆ ಹಾಕಿದರೆ ಕೋಟೆಯ ಜನ ಕುರ್ಚಿ ಬಿಟ್ಟು ಏಳುತ್ತಿದ್ದರು. ಮೇಷ್ಟ್ರೂ ಒಮ್ಮೆ ಮುಂದಿನ ಸಾಲಿನಲ್ಲೇ ಕೂತಿದ್ದರು. ಮುಗಿದ ಮೇಲೆ ಬಂದು ಹೇಳಿದ್ದಿಷ್ಟೇ: “ಬಲಗೈ ಇನ್ನೂ ಸ್ವಲ್ಪ ಮೇಲೆ ಇರಬೇಕು. ಆ ಕಡೆ ಗೋಡೆ ಉಬ್ಬಿದೆ.”

ಅವರ ಜೇಬಿನಲ್ಲಿ ಸದಾ ಒಂದು ತುಂಡು ಸೀಮೆಸುಣ್ಣ. ನಿವೃತ್ತಿಯಾದ ಮೇಲೂ ಅಷ್ಟೇ. ಅಂಗಡಿ ಬೋರ್ಡುಗಳಿಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ಒತ್ತು, ದೀರ್ಘ ತಿದ್ದುತ್ತಿದ್ದರು. ಅಂಗಡಿಯವರು ಒರೆಸುತ್ತಿದ್ದರು, ಇವರು ಮತ್ತೆ ಬರೆಯುತ್ತಿದ್ದರು. ಫ್ಲೆಕ್ಸುಗಳು ಬಂದ ಮೇಲೆ ಕೈಸೋತರು. “ಪ್ಲಾಸ್ಟಿಕ್ಕಿನ ಮೇಲೆ ಸೀಮೆಸುಣ್ಣ ಹಿಡಿಯೋದಿಲ್ಲ ಕಣೋ. ಇನ್ನು ಮೇಲೆ ತಪ್ಪುಗಳೆಲ್ಲ ಶಾಶ್ವತ.”

ನಮ್ಮ ಸಂದಿಯ ಕೊನೆಯಲ್ಲಿ ಮುಚ್ಚಿಹೋದ ಅಕ್ಕಿ ಗಿರಣಿಯೊಂದಿತ್ತು. ಅದನ್ನು ಬೆಂಗಳೂರಿನ ಬಿಲ್ಡರೊಬ್ಬರು ಕೊಂಡರು. ಒಂದು ದಿನ ಗಿರಣಿಯ ಬಾಗಿಲಿಗೆ ನೋಟೀಸು ಬಿತ್ತು: ಹದಿನಾಲ್ಕು ಮಹಡಿಯ ಕಟ್ಟಡ ಬರುತ್ತದೆ, ಅದಕ್ಕೆ ಫೈರ್ ಇಂಜಿನ್ ಹೋಗುವಷ್ಟು ದಾರಿ ಬೇಕು, ಸಂದಿಯ ಎರಡೂ ಕಡೆಯ ಮನೆಗಳು ಮುಂದಿನ ಕೋಣೆಯಷ್ಟು ಜಾಗ ಬಿಟ್ಟುಕೊಡಬೇಕು, ಪರಿಹಾರ ಸಿಗುತ್ತದೆ, ಆಕ್ಷೇಪಣೆ ಇದ್ದವರು ಮೂವತ್ತು ದಿನದೊಳಗೆ ಸಲ್ಲಿಸಬಹುದು. ಮೇಷ್ಟ್ರು ಅದನ್ನು ಮೂಗಿನಿಂದ ಓದಿದರು. ಎರಡು ಕಡೆ ದೀರ್ಘ ತಿದ್ದಿದರು. ಆಮೇಲೆ ಮನೆಗೆ ಹೋಗಿ ಆಕ್ಷೇಪಣೆ ಬರೆಯಲು ಕೂತರು.

ಎಂಟು ಪುಟ ಬರೆದರು. ಕೋಟೆ ಕಟ್ಟಿದ ಕಾಲದಿಂದ ಶುರು. ಕಲ್ಲು ಎಲ್ಲಿಂದ ಬಂತು, ಸಂದಿಗಳು ಏಕೆ ಹೀಗೆ ಸೊಟ್ಟ, ಯಾವ ಗೋಡೆಯೊಳಗೆ ಹಳೆಯ ಬುರುಜಿನ ಕಲ್ಲಿದೆ, ಎಲ್ಲವೂ ಇತ್ತು. ಮನೆಮನೆಗೆ ಹೋಗಿ ಓದಿದರು. ಜನಕ್ಕೂ ಟವರು ಬೇಕಿರಲಿಲ್ಲ. “ಹದಿನಾಲ್ಕ್ ಅಂತಸ್ತು ಎದ್ರೆ ನಮ್ಗೆ ಬಿಸ್ಲೆಲ್ಲಿ ಬೀಳ್ತದೆ? ಹಪ್ಳ ಎಲ್ಲಿ ಒಣಾಕನ?” ಎಂದು ನಮ್ಮವ್ವನೇ ಮೊದಲು ಗುಡುಗಿದ್ದಳು. ಆದರೆ ಎರಡನೇ ಪುಟ ಮುಗಿಯುವಷ್ಟರಲ್ಲಿ ಅವ್ವ ಗೋಡೆಗೊರಗಿ ಗೊರಕೆ ಹೊಡೆದಳು.

ಕೊನೆಗೆ ಮೇಷ್ಟ್ರು ನನ್ನ ಹತ್ತಿರ ಬಂದರು. “ನಿನ್ನ ಹತ್ತಿರ ಮೈಕು ಇದೆಯಲ್ಲ, ಸಂದಿಯಲ್ಲಿ ಒಂದು ಸಲ ಕೂಗಿಬಿಡು. ನಾಳೆ ಬೆಳಗ್ಗೆ ಹತ್ತಕ್ಕೆ ಆಕ್ಷೇಪಣಾ ಪತ್ರ ತರ್ತೀನಿ, ರುಜು ಹಾಕಬೇಕು ಅಂತ.”

ಅಷ್ಟೇ ಹೇಳಿದ್ದರು. ನಾನು ಅಷ್ಟೇ ಹೇಳಿದ್ದರೆ ನಾನು ನಾನಾಗುತ್ತಿರಲಿಲ್ಲ.

ಸಂಜೆ ಬ್ಯಾಟರಿ ಮೈಕು ಹಿಡಿದು ಸಂದಿಯ ಬಾಯಲ್ಲಿ ನಿಂತು, ಮೊಣಕೈ ಚಾಚಿ, ಮೇಷ್ಟ್ರ ದನಿಯಲ್ಲೇ ಶುರು ಮಾಡಿದೆ: “ಆತ್ಮೀಯ ಬಂಧುಗಳೇ! ನಾಳೆ ಬೆಳಗ್ಗೆ ತಮ್ಮ ತಮ್ಮ ಮನೆ ಬಾಗಿಲಿಗೆ ಆಕ್ಷೇಪಣಾ ಪತ್ರ ಬರತಕ್ಕದ್ದು. ತಾವು ರುಜು ಹಾಕತಕ್ಕದ್ದು. ಓದುವ ಅಗತ್ಯವಿಲ್ಲ! ಓದಿದರೆ ನಿದ್ರೆ ಬರತಕ್ಕದ್ದು!”

ಕಿಟಕಿಗಳಿಂದ ನಗು ಉದುರಿತು. “ಥೂ ನಿನ್ನ, ಮೇಷ್ಟ್ರು ಕೇಳಿಸ್ಕೊಂಡಾರು ಕಣ್ಲಾ!” ಎಂದು ಅವ್ವ ಒಳಗಿಂದ ಕೂಗಿದಳು, ನಗುತ್ತಲೇ. ಟೀ ಅಂಗಡಿಯ ಮುಂದೆ ನಿಂತಿದ್ದ ಒಬ್ಬ ಎಲ್ಲರಿಗಿಂತ ಜೋರಾಗಿ ನಕ್ಕ. ಕಂಕುಳಲ್ಲಿ ಫೈಲಿತ್ತು. ನನಗೆ ಎರಡು ಬೆರಳೆತ್ತಿ ‘ಸೂಪರ್’ ಎಂದೂ ಸನ್ನೆ ಮಾಡಿದ. ಕಲಾವಿದನಿಗೆ ಅಷ್ಟು ಸಾಕು. ಅವನಿಗೂ ಒಂದು ಸಲಾಮು ಹೊಡೆದೆ.

ಮರುದಿನ ಎಂಟು ಗಂಟೆಗೇ ಪತ್ರ ಬಂತು. ತಂದವನು ಆ ಫೈಲಿನವನು. ಚೆನ್ನಾಗಿ ಟೈಪಾಗಿದ್ದ ಒಂದೇ ಒಂದು ಪುಟ. ಮೇಲೆ ದಪ್ಪ ಅಕ್ಷರದಲ್ಲಿ ‘ನಿರಾಕ್ಷೇಪಣಾ ಪತ್ರ’. ಜನಕ್ಕೆ ‘ಆಕ್ಷೇಪಣಾ’ ಕಂಡಿತು, ಮುಂದಿನ ‘ನಿರ್’ ಕಾಣಲಿಲ್ಲ. ಎಂಟು ಪುಟ ಒಂದು ಪುಟವಾಗಿದ್ದು ಕಂಡು ಖುಷಿಯೇ ಆಯಿತು. ಒಂದು ಗಂಟೆಯೊಳಗೆ ಇಡೀ ಸಂದಿ, ಟವರಿಗೆ ನಮ್ಮ ತಕರಾರಿಲ್ಲ, ಮುಂದಿನ ಕೋಣೆ ತೆಗೆದುಕೊಳ್ಳಿ ಎಂದು ರುಜು ಹಾಕಿ ಕೊಟ್ಟಿತು.

ಹತ್ತಕ್ಕೆ ಮೇಷ್ಟ್ರು ಎಂಟು ಪುಟ ಹಿಡಿದು ಬಂದರೆ, “ಆಗ್ಲೇ ಹಾಕಾಯ್ತಲ್ಲ ಸಾ!” ಎನ್ನುತ್ತಿದೆ ಬೀದಿ.

“ಯಾರು ತಂದಿದ್ದು?”

“ನಿಮ್ ಕಡೇವ್ರೇ ಅಲ್ವಾ?” ಎಂದಳು ಅವ್ವ. “ಇವ್ನು ಮೈಕ್ನಾಗೆ ನಿಮ್ ದನೀಲೇ ಹೇಳಿದ್ನಲ್ಲ, ಓದ್ಬೇಡಿ ಅಂತ. ನೀವೇ ಹೇಳ್ಸಿರ್ಬೇಕು ಅನ್ಕೊಂಡೆ. ಓದ್ದೇ ಹಾಕ್ಬುಟ್ಟೆ.”

ಚಾಚಾ ತಮಗೆ ಕೊಟ್ಟಿದ್ದ ಜೆರಾಕ್ಸ್ ಪ್ರತಿ ತಂದು ಕೊಟ್ಟರು. ಮೇಷ್ಟ್ರು ಅದನ್ನು ಮೂಗಿಗೆ ಹಿಡಿದರು. ಬಹಳ ಹೊತ್ತು ಹಿಡಿದೇ ಇದ್ದರು. ಆಮೇಲೆ ನನ್ನ ಮುಂದೆ ಚಾಚಿ, ಮೊದಲ ಪದದ ಮೇಲೆ ಬೆರಳಿಟ್ಟರು.

“ಬಿಡಿಸು.”

“ನಿರಾ...” ಎಂದೆ. “ಇದು ಸಿಲಬಸ್ಸಲ್ಲಿ ಇರ್ಲಿಲ್ಲ ಸಾ.”

“ನಿಃ ಪ್ಲಸ್ ಆಕ್ಷೇಪಣಾ. ವಿಸರ್ಗ ಸಂಧಿ,” ಎಂದರು. ಬೆರಳು ತೆಗೆದು, “ಹೌದು. ಇರಲಿಲ್ಲ. ಪರೀಕ್ಷೆಗೆ ಬರೋದಿಲ್ಲ ಅಂತ ನಾನೇ ಹೇಳಿಕೊಡದೆ ಬಿಟ್ಟೆ. ಪ್ರತಿ ವರ್ಷವೂ ಬಿಟ್ಟೆ,” ಎಂದರು.

ನನ್ನ ಮೈಕಿನ ವಿಷಯ ಎತ್ತಲೇ ಇಲ್ಲ. ಬೈದಿದ್ದರೆ ನಾನು ಆ ಬೈಗುಳವನ್ನೂ ಕಲಿತು ಸ್ಟೇಜಿನಲ್ಲಿ ಮಾಡಿ ಹಗುರಾಗುತ್ತಿದ್ದೆ. ಅದಕ್ಕೂ ದಾರಿ ಕೊಡಲಿಲ್ಲ.

ರುಜು ವಾಪಸ್ ಪಡೆಯುತ್ತೇವೆಂದು ಅರ್ಜಿ ಕೊಡೋಣ ಎಂದು ಮತ್ತೆ ಮನೆಮನೆ ತಿರುಗಿದರು, ನಾನು ಹಿಂದೆ. ಆದರೆ ಅಷ್ಟರಲ್ಲಿ ಪರಿಹಾರದ ಮಾತು ಒಳಗೊಳಗೇ ಕೆಲಸ ಮಾಡಿತ್ತು. “ಹಾಕಿದ್ದು ಹಾಕಾಯ್ತು ಬುಡಿ ಸಾ” ಎಂದವರೇ ಹೆಚ್ಚು. ಚಾಚಾ ಮೇಷ್ಟ್ರ ಕೈ ಹಿಡಿದುಕೊಂಡು, “ನಿಮ್ಮ ಆವಾಜ್ ಕೇಳಿ ಹಾಕ್ದೆ ಮೇಷ್ಟ್ರೇ. ಈಗ ಬೇಡ ಅಂದ್ರೆ ಮಕ್ಕಳು ಕೇಳ್ತಾ ಇಲ್ಲ” ಎಂದರು. ಅವರ ಕಣ್ಣು ಮೇಷ್ಟ್ರ ಮುಖದ ಮೇಲಿರಲಿಲ್ಲ, ನನ್ನ ಮೇಲಿತ್ತು. ಚಾಚಾರ ಮುಂದಿನ ಕೋಣೆಯೆಂದರೆ ಮೇಷ್ಟ್ರ ಕೋಣೆಯೇ.

ವಿಚಾರಣೆಯ ದಿನ ರಾಮನಗರದ ಕಚೇರಿಗೆ ಹೋದವರು ನಾವಿಬ್ಬರೇ. ಅಧಿಕಾರಿ ಒಳ್ಳೆಯವರೇ, ನೀರು ಕೊಡಿಸಿದರು. ಮೇಷ್ಟ್ರು ಎದ್ದು ನಿಂತು ಮೊದಲ ಪುಟ ಓದತೊಡಗಿದರು. ಓದುತ್ತಿರಲಿಲ್ಲ, ಬಾಯಿಪಾಠ ಹೇಳುತ್ತಿದ್ದರು ಎಂದು ಗೊತ್ತಾದದ್ದು ನನಗೊಬ್ಬನಿಗೆ, ಏಕೆಂದರೆ ಹಾಳೆ ತಲೆಕೆಳಗಾಗಿತ್ತು.

“ಮೇಷ್ಟ್ರೇ, ತಮ್ಮದು ಅಲ್ಲಿ ಸ್ವಂತ ಮನೆಯಾ?”

“ಬಾಡಿಗೆ.”

“ಮಾಲೀಕರು ಒಪ್ಪಿ ಕೊಟ್ಟಿದ್ದಾರಲ್ಲ. ಬಾಡಿಗೆಯವರ ಆಕ್ಷೇಪಣೆ ನಾನು ಹೇಗೆ ತಗೊಳ್ಳಲಿ?”

ಮೇಷ್ಟ್ರು ಹಾಳೆ ಮಡಚಿದರು. “ಸರಿ. ಆದರೆ ನಿಮ್ಮ ಹೊರಗಿನ ಬೋರ್ಡಿನಲ್ಲಿ ‘ಪ್ರಾಧಿಕಾರ’ಕ್ಕೆ ಹೊಟ್ಟೆ ಸೀಳಿಲ್ಲ. ಅದನ್ನಾದರೂ ಸರಿಮಾಡಿಸಿ.”

ಹೊರಗೆ ಹೈವೇ ಪಕ್ಕದಲ್ಲಿ ಬಸ್ಸಿಗೆ ನಿಂತಾಗ ಅವರು ನನ್ನ ತೋಳು ಹಿಡಿದುಕೊಂಡರು. ಹಿಡಿತ ಬಿಗಿಯಾಗಿತ್ತು. ಬಸ್ಸು ಹತ್ತುವಾಗ ಮೆಟ್ಟಿಲು ಸಿಗದೆ ಗಾಳಿಯಲ್ಲಿ ಕಾಲೆತ್ತಿದರು. ಚನ್ನಪಟ್ಟಣದಲ್ಲಿ ಇಳಿದ ಮೇಲೂ ಬಿಡಲಿಲ್ಲ, ನಡು ಮಧ್ಯಾಹ್ನದ ಬಿಸಿಲಿನಲ್ಲಿ ಕೋಟೆಯ ದಾರಿಯುದ್ದಕ್ಕೂ ಮಗುವಿನಂತೆ ಹಿಡಿದುಕೊಂಡೇ ನಡೆದರು. ನಮ್ಮ ಸಂದಿಯ ಬಾಯಿಗೆ ಬಂದದ್ದೇ ತಡ, ಕೈ ಬಿಟ್ಟರು. ಎರಡೂ ಮೊಣಕೈ ಚಾಚಿ, ಗೋಡೆಗೆ ತಾಗಿಸಿ, ಸರಸರ ಹೊರಟೇಬಿಟ್ಟರು.

ನಾನು ಅಲ್ಲೇ ನಿಂತೆ. ಇಷ್ಟು ವರ್ಷ ಆ ನಡಿಗೆಯ ಪ್ರತಿಯೊಂದು ಸೊಟ್ಟನ್ನೂ ಕದ್ದಿದ್ದೆ. ಅದು ಏಕೆ ಎಂದು ಒಂದು ದಿನವೂ ಕೇಳಿರಲಿಲ್ಲ.

“ಎಷ್ಟ್ ವರ್ಷದಿಂದ ಸಾ?” ಎಂದೆ, ಹಿಂದಿನಿಂದ.

ಅವರು ತಿರುಗಲಿಲ್ಲ. “ನೀನು ಕೋಳಿ ನಡಿಗೆ ಶುರು ಮಾಡೋಕೆ ಎರಡು ವರ್ಷ ಮುಂಚಿಂದ. ನರ ಒಣಗ್ತಾ ಇದೆ ಅಂದ್ರು ಡಾಕ್ಟರು. ನಿನ್ನಿಂದ ಒಳ್ಳೆ ಅನುಕೂಲ ಆಯ್ತು ಕಣೋ. ಎಲ್ಲರೂ ನಗೋದ್ರಲ್ಲಿ ಇದ್ರು, ಯಾರೂ ಯಾಕೆ ಅಂತ ಕೇಳಲಿಲ್ಲ.” ಆಮೇಲೆ ಬಲಗೋಡೆ ತಟ್ಟಿದರು. “ಇದು ನಿಮ್ಮನೆ. ಗಾರೆ ಒರಟು, ಚರ್ಮ ತರಚುತ್ತೆ. ಇಲ್ಲಿ ಒಂದು ಮೊಳೆ, ಹುಷಾರು. ಈ ಕಡೆ ಗೋಡೆ ಗುರ್ರ್ ಅಂತ ನಡುಗೋಕೆ ಶುರುವಾದ್ರೆ ಚಾಚಾನ ಲೇತು. ನಡುಕ ನಿಂತು ಹದಿನೈದು ಹೆಜ್ಜೆಗೆ ನನ್ನ ಬಾಗಿಲು.”

“ಇದ್ನೇ ಹೇಳ್ಬಾರ್ದಾಗಿತ್ತಾ ಸಾ, ಅಲ್ಲಿ! ಕೋಟೆ ಕಲ್ಲಿನ ಕತೆ ಬುಟ್ಟು!”

“ಅದು ಆಕ್ಷೇಪಣೆ ಅಲ್ಲ ಕಣೋ,” ಎಂದರು. “ಅದು ಗೋಳು.”

ಮೂರು ತಿಂಗಳಿಗೆ ಜೆಸಿಬಿ ಬಂತು. ನೀಲಿಯೂ ಹಸಿರೂ ಒಂದೇ ಟ್ರ್ಯಾಕ್ಟರಿನಲ್ಲಿ ಹೋದವು. ನಿಜ ಹೇಳಬೇಕೆಂದರೆ ಗೋಡೆಯೊಳಗಿಂದ ಬುರುಜಿನ ಕಲ್ಲು ಬಂದೇ ಬಂತು, ಮೇಷ್ಟ್ರು ಆರನೇ ಪುಟದಲ್ಲಿ ಬರೆದಿದ್ದಲ್ಲೇ. ಯಾರೋ ಅದರ ಜೊತೆ ಸೆಲ್ಫಿ ತೆಗೆದುಕೊಂಡರು. ನಾನೂ.

ಮೇಷ್ಟ್ರು ಮಾಗಡಿಗೆ, ತಂಗಿಯ ಮಗನ ಮನೆಗೆ ಹೋದರು. ಒಂದು ಭಾನುವಾರ ಅಲ್ಲಿಗೆ ಹೋದೆ. ಹೊಸ ಮನೆ, ದೊಡ್ಡ ಹಾಲು, ನುಣ್ಣನೆ ಟೈಲ್ಸು. ಆ ಹಾಲಿನ ಮೂಲೆಯಲ್ಲಿ, ಗೋಡೆಗೂ ಬೀರುವಿಗೂ ನಡುವೆ ಇದ್ದ ಇಕ್ಕಟ್ಟಿನಲ್ಲಿ ಪ್ಲಾಸ್ಟಿಕ್ ಕುರ್ಚಿ ತುರುಕಿಕೊಂಡು ಕೂತಿದ್ದರು. ಎಡ ಮೊಣಕೈ ಗೋಡೆಗೆ, ಬಲ ಮೊಣಕೈ ಬೀರುವಿಗೆ.

“ಎಷ್ಟ್ ಹೇಳಿದ್ರೂ ಸೋಫಾ ಮ್ಯಾಲೆ ಕೂರಕಿಲ್ಲ ನೋಡಿ,” ಎಂದಳು ಸೊಸೆ, ಕಾಫಿ ಕೊಡುತ್ತ.

“ಇಲ್ಲಿಂದ ಸಾವನದುರ್ಗ ಕಾಣುತ್ತಂತೆ,” ಎಂದರು ಮೇಷ್ಟ್ರು. “ಎಲ್ಲರೂ ಹಾಗಂತಾರೆ. ಬಾ, ಕೂತ್ಕೋ. ನಮ್ಮ ಬೀದಿ ಮಾಡು.”

“ಏನ್ಸಾ?”

“ಮಿಮಿಕ್ರಿ ಕಣೋ. ಸಂದಿಯ ಬಾಯಿಂದ ನನ್ನ ಬಾಗಿಲವರೆಗೆ. ಒಂದೂ ಬಿಡಬೇಡ.”

ಮಾಡಿದೆ. ಮೊದಲು ಟೀ ಅಂಗಡಿಯ ಸ್ಟೌವಿನ ಸದ್ದು. ಆಮೇಲೆ ನಮ್ಮವ್ವನ ಮಿಕ್ಸಿ, ಅವ್ವನ ಬೈಗುಳ, ಆಮೇಲೆ ಲೇತು, ಚಾಚಾರ ಕೆಮ್ಮು. ಮೇಷ್ಟ್ರು ಕಣ್ಣು ಮುಚ್ಚಿ, ಕೂತಲ್ಲೇ ಪಾದ ಎತ್ತಿಡುತ್ತಿದ್ದರು. ತಟ್ಟನೆ ಪಾದ ನಿಂತಿತು.

“ಚಾಚಾನ ಬಾಗಿಲು ದಾಟಿದ ಮೇಲೆ ನಲ್ಲಿ ತೊಟ್ಟಿಕ್ಕುತ್ತಲ್ಲ. ಅದನ್ನ ಬಿಟ್ಟೆ. ಲೋಪ.”

ನಲ್ಲಿ ತೊಟ್ಟಿಕ್ಕಿಸಿದೆ. ಪಾದ ಮತ್ತೆ ಎದ್ದಿತು. ಹದಿನೈದು ಹೆಜ್ಜೆ. ಬಾಗಿಲ ಹತ್ತಿರ ಬಂದು ನಿಂತೆವು.

“ಈಗ ನಾನು ಒಳಗಿಂದ ಮಾತಾಡಬೇಕು,” ಎಂದರು. “ನನ್ನ ದನಿ ಚೆನ್ನಾಗಿ ಬರುತ್ತಂತಲ್ಲ ನಿನಗೆ. ಊರೇ ನಂಬಿತಂತೆ.”

ಮುಖದಲ್ಲಿ ಸಿಟ್ಟಿರಲಿಲ್ಲ. ಅದೊಂದು ಸಲ ನನ್ನ ಬಾಯಿಗೆ ಆ ದನಿ ಬರಲಿಲ್ಲ. “ತಪ್ಪಾಯ್ತು ಸಾ” ಎಂದೆ, ನನ್ನದೇ ದನಿಯಲ್ಲಿ, ಮಹಾಪ್ರಾಣ ಬೇಡದ ಮಾತಿನಲ್ಲಿ.

ಅವರು ತಡಕಾಡಿ ನನ್ನ ಕಿವಿ ಹುಡುಕಿ, ಹಿಂಡಿದರು. ಮೆಲ್ಲಗೆ. “ಮುಂದಿನ ವಾರ ಬಾ. ನಲ್ಲಿ ಮರೀಬೇಡ.”

ಮುಂದಿನ ವಾರ ರಾಜ್ಯೋತ್ಸವದ ಪ್ರೋಗ್ರಾಮಿತ್ತು. ಅದರ ಮುಂದಿನ ವಾರವೂ ಇತ್ತು. ಅದರ ಮುಂದಿನ ವಾರ ಅವರ ತಂಗಿಯ ಮಗ ಫೋನು ಮಾಡಿದರು. ಕುರ್ಚಿಯಲ್ಲೇ ಹೋಗಿದ್ದರು, ಅದೇ ಮೂಲೆಯಲ್ಲಿ.

ಕೋಟೆಯಲ್ಲಿ ಫ್ಲೆಕ್ಸು ಹಾಕಿಸಿದವನು ನಾನೇ. ‘ಶ್ರದ್ಧಾಂಜಲಿ’ಗೆ ಹೊಟ್ಟೆ ಸೀಳಿದೆಯಾ ಎಂದು ಪ್ರೆಸ್ಸಿನಲ್ಲಿ ಮೂರು ಸಲ ನೋಡಿದೆ. ಸೀಳಿತ್ತು. ಕಟ್ಟಿದ ಮೇಲೆ ಕಂಡಿತು: ‘ನಿವೃತ್ತ ಶಿಕ್ಷಕರು’ ಹೋಗಿ ‘ನಿವೃತ ಶಿಕ್ಷಕರು’ ಆಗಿತ್ತು. ಒತ್ತಿನ ಲೋಪ. ಸೀಮೆಸುಣ್ಣ ತಂದು ಬರೆದೆ. ಹಿಡಿಯಲಿಲ್ಲ.

ಈಗ ಅಲ್ಲಿ ಅಗಲವಾದ ರಸ್ತೆ ಇದೆ. ಟವರು ಒಂಬತ್ತನೇ ಅಂತಸ್ತಿಗೆ ಬಂದಿದೆ. ಅವ್ವ ಹಪ್ಪಳವನ್ನು ಮಧ್ಯಾಹ್ನ ಒಂದು ಗಂಟೆ ಮಾತ್ರ ಒಣಗಿಸುತ್ತಾಳೆ. ಚಾಚಾರ ಲೇತು ಹಿಂದಿನ ಕೋಣೆಗೆ ಹೋಗಿದೆ, ಬೀದಿಗೆ ಕೇಳಿಸುವುದಿಲ್ಲ. ಸ್ಟೇಜಿನ ಮೇಲೆ ಕೋಳಿ ನಡಿಗೆ ನಾನು ಮಾಡುವುದಿಲ್ಲ. ದೊಡ್ಡ ತ್ಯಾಗವೇನಲ್ಲ, ಮಾಡಿದರೂ ಯಾರೂ ನಗುವುದಿಲ್ಲ. ಅಣಕಿಗೆ ಅಸಲಿಯನ್ನು ಕಂಡವರು ಬೇಕು. ಕಂಡವರು ಪರಿಹಾರ ತೆಗೆದುಕೊಂಡು ಹೊಸ ಬಡಾವಣೆಗಳಿಗೆ ಚದುರಿದ್ದಾರೆ.

ಮೊನ್ನೆ ಬೆಳಗ್ಗೆ ಹಾಲು ತರುವಾಗ ರಸ್ತೆ ಖಾಲಿಯಿತ್ತು. ಏನನ್ನಿಸಿತೋ, ಎರಡೂ ಮೊಣಕೈ ಚಾಚಿ, ಕಣ್ಣು ಮುಚ್ಚಿ ನಡೆದೆ. ಎಡಕ್ಕೂ ಏನೂ ತಾಗಲಿಲ್ಲ, ಬಲಕ್ಕೂ ಏನೂ ತಾಗಲಿಲ್ಲ. ಹತ್ತು ಹೆಜ್ಜೆಗೆ ನಾನು ಎಲ್ಲಿದ್ದೇನೆಂದು ನನಗೇ ತಿಳಿಯಲಿಲ್ಲ.

“ಯಾಕಣ್ಣೋ?” ಎಂದಿತು ಒಂದು ದನಿ. ಟವರಿನ ಹೊಸ ಸೆಕ್ಯುರಿಟಿ, ಕನಕಪುರದ ಕಡೆಯ ಹುಡುಗ. ಪಾಪ, ನಿಜವಾಗಿಯೂ ಮರುಗಿ ಕೇಳುತ್ತಿದ್ದ. “ಕಂಕುಳ್ನಾಗೆ ಕುರು ಗಿರು ಆಗೈತಾ?”

ಕೈ ಇಳಿಸಿದೆ.

“ಹೂಂ ಕಣಪ್ಪ,” ಅಂದೆ. “ಒಸಿ ನೋವೈತೆ.”